ರದ್ದಿಯಾಗಿ ಬಾ, ಡ್ರ್ಯಾಗನ್ನೇ

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲಕ್ಕೆ ಮಗು ಬರಬೇಕೆಂದರೆ ದಾರಿ ಇದೆ, ಮ್ಯಾಗಜೀನ್ ಬರಬೇಕೆಂದರೆ ಇಲ್ಲ. ಮಗುವಿನ ಇಲಾಖೆಯನ್ನು ಊರಿನ ಸಂತಾನ ವೇಣುಗೋಪಾಲಸ್ವಾಮಿ ಖುದ್ದಾಗಿ ನೋಡಿಕೊಳ್ಳುತ್ತಾನೆ. ನಂಜನಗೂಡು, ತಿ. ನರಸೀಪುರ, ಮೈಸೂರು, ಬೆಂಗಳೂರು ಎನ್ನದೆ ಎಲ್ಲ ಕಡೆಯಿಂದ ದಂಪತಿಗಳು ಬಂದು ಹರಕೆ ಹೊರುತ್ತಾರೆ. ಸಲುಗೆ ಹೆಚ್ಚಾದ ಭಕ್ತರು ಅವನನ್ನು ಹುಚ್ಚುಗೋಪಾಲ ಎಂದೂ ಕರೆಯುತ್ತಾರೆ. ಅದಕ್ಕೆ ಅವನು ಮುನಿಸಿಕೊಂಡದ್ದನ್ನು ಯಾರೂ ಕೇಳಿಲ್ಲ. ಅಲ್ಲಿ ಅರ್ಜಿಗೆ ನಮೂನೆ ಇಲ್ಲ, ಆಧಾರ್ ಜೋಡಣೆ ಇಲ್ಲ, ಬರುವ ವಸ್ತುವಿನ ಮೌಲ್ಯ ಘೋಷಣೆ ಇಲ್ಲ. ಸಮುದ್ರದಾಚೆಯಿಂದ ಬರುವ ನೂರು ಪುಟದ ಒಂದು ಪತ್ರಿಕೆಗೆ ಮಾತ್ರ ಇಷ್ಟೂ ಬೇಕು, ಇನ್ನಷ್ಟೂ ಬೇಕು.

ಯಾವ ಪತ್ರಿಕೆ ಅದು ಅಂತೀರಾ? ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಎಂಬ ಆಟದ್ದು. ಮೇಜಿನ ಸುತ್ತ ಐದಾರು ಜನ ಕೂತು ಆಡುವ ಆಟ. ಒಬ್ಬ ಕತೆ ನಡೆಸುತ್ತಾನೆ. ಮಿಕ್ಕವರು ಆ ಕತೆಯ ಒಬ್ಬೊಬ್ಬ ಮನುಷ್ಯನಾಗಿ ಮಾತಾಡುತ್ತಾರೆ, ಗುಹೆಗೆ ನುಗ್ಗುತ್ತಾರೆ, ರಾಕ್ಷಸನ ಮೇಲೆ ಕತ್ತಿ ಬೀಸುತ್ತಾರೆ. ಕತ್ತಿ ತಗುಲಿತೋ ಗಾಳಿಗೆ ಹೋಯಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ವಂಶದ ಮೂಲಪುರುಷ. ಮೊದಲ ಮುದ್ರಣ 1,000 ಪ್ರತಿ, ನಮ್ಮ ಕವನ ಸಂಕಲನಗಳಷ್ಟೇ. ಆದರೆ ಅವರ ಪ್ರತಿಗಳು ಮಾರಾಟವಾದವು. ಎರಡೇ ವರ್ಷಕ್ಕೆ, 1976ರ ಜೂನ್‌ನಲ್ಲಿ, ಅದರ ಬೆನ್ನಿಗೆ ‘ದಿ ಡ್ರ್ಯಾಗನ್’ ಎಂಬ ಪತ್ರಿಕೆ ಬಂತು. ಮರುವರ್ಷ ಲಂಡನ್ನಿನಲ್ಲಿ ‘ವೈಟ್ ಡ್ವಾರ್ಫ್’ ಶುರುವಾಯಿತು.

ಹೆಮ್ಮರಗಾಲದ ಹುಡುಗನೊಬ್ಬ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತ ಹಾಸ್ಟೆಲಿನಲ್ಲಿ ಈ ಆಟ ಅಂಟಿಸಿಕೊಂಡು ಬಂದಿದ್ದಾನೆ ಎಂದುಕೊಳ್ಳೋಣ. ಅಂಟಿಸಿಕೊಳ್ಳುವುದಕ್ಕೆ ಅದಕ್ಕಿಂತ ಕೆಟ್ಟವು ಬೇಕಾದಷ್ಟಿವೆ, ಆ ಮಾತು ಬೇರೆ. ಅವನಿಗೆ ‘ಡ್ರ್ಯಾಗನ್’ನ ಹಳೆಯ ಸಂಚಿಕೆಗಳು ಬೇಕು. ಮೊಬೈಲಿನಲ್ಲಿ ಅದರ ಮುಖಪುಟ ತೋರಿಸಿ ತಾತನಿಗೆ ವಿವರಿಸುತ್ತಿದ್ದಾನೆ.

“ಏನ್ಲಾ ಇದು, ಹಾವೋ ಓತಿಕ್ಯಾತನೋ?”

“ಡ್ರ್ಯಾಗನ್ ಕಣ್ ತಾತ. ಬೆಂಕಿ ಉಗುಳ್ತದ.”

“ಅದ್ಕ ಅಮೇರಿಕಾಕ್ಕ ದುಡ್ ಕಳಿಸ್ಬೇಕಾ? ನಿಮ್ಮಜ್ಜಿ ಪುಗಸಟ್ಟೆ ಉಗುಳ್ತಾಳ.”

ಹುಡುಗ ಬಿಡುವವನಲ್ಲ. ಒಬ್ಬ ಮಾಸ್ಟರ್ ಇರ್ತಾನ, ನಾವೆಲ್ಲ ಒಂದೊಂದು ಪಾರ್ಟು ತಗತೀವಿ ಎಂದು ಹೇಳುತ್ತಿದ್ದಂತೆ ತಾತನ ಮುಖ ಅರಳುತ್ತದೆ. “ಕುರುಕ್ಷೇತ್ರ ನಾಟ್ಕ ಅನ್ನು!” ತಾತ ಹೇಳಿದ್ದರಲ್ಲಿ ತಪ್ಪೇನಿಲ್ಲ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಈ ಕಸುಬು ಎಂದಿನಿಂದಲೂ ಇದೆ. ಅವರಿಗೆ ಡಂಜನ್ ಮಾಸ್ಟರ್, ನಮಗೆ ಹಾರ್ಮೋನಿಯಂ ಮೇಷ್ಟ್ರು. ಅವರಲ್ಲಿ ಪಾತ್ರವನ್ನು ದಾಳ ಹಾಕಿ ಹುಟ್ಟಿಸಿದರೆ ನಮ್ಮಲ್ಲಿ ದುಡ್ಡು ಹಾಕಿ ಹಿಡಿಯುತ್ತಾರೆ. ದುರ್ಯೋಧನನಿಗೆ ಒಂದು ರೇಟು, ಕೃಷ್ಣನಿಗೆ ಒಂದು ರೇಟು, ಸಾರಥಿಗೆ ಉಳಿದದ್ದು. ಹಗಲು ಹಾಲಿನ ಡೇರಿ ನಡೆಸುವವನು ರಾತ್ರಿ ಹಸ್ತಿನಾವತಿ ನಡೆಸುತ್ತಾನೆ. ಒಂದು ಕೊರತೆ ಇದೆ: ಪಾರ್ಟಿಗೆ ಎಷ್ಟೇ ದುಡ್ಡು ಸುರಿದರೂ ಬೆಳಗಿನ ಜಾವಕ್ಕೆ ದುರ್ಯೋಧನನ ತೊಡೆ ಮುರಿಯಲೇಬೇಕು. ಅಮೆರಿಕದವರ ಆಟದಲ್ಲಿ ದಾಳ ಒಲಿದರೆ ಅವನು ಭೀಮನನ್ನೇ ಕೆಡವಿ ಮನೆಗೆ ಹೋಗಿ ಮುದ್ದೆ ಉಣ್ಣಬಹುದು. ಕೊಟ್ಟ ದುಡ್ಡಿಗೆ ನ್ಯಾಯ ಎಲ್ಲಿದೆ ಎಂಬುದನ್ನು ಓದುಗರೇ ಹೇಳಲಿ.

1980ರ ದಶಕದಲ್ಲಿ ಅಮೆರಿಕದ ಕೆಲವು ತಾಯ್ತಂದೆಯರು ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ ಎಳೆಯುತ್ತದೆ ಎಂದು ದೊಡ್ಡ ಗಲಾಟೆ ಎಬ್ಬಿಸಿದ್ದರು. ನಮ್ಮ ಸೀಮೆಯಲ್ಲಿ ಆ ತೊಂದರೆ ಬರಲಾರದು. ಇಲ್ಲಿ ದೆವ್ವ ಬಿಡಿಸುವವರಿಗೆ ಮೊದಲಿಂದಲೂ ಕೈತುಂಬ ಕೆಲಸ. ಹೊಸ ದೆವ್ವವನ್ನು ಆಮದು ಮಾಡಿಕೊಳ್ಳುವಷ್ಟು ಪುರಸೊತ್ತು ಯಾರಿಗೂ ಇಲ್ಲ.

ಆಮದು ಎಂದೆನಲ್ಲ, ಅಲ್ಲಿಂದ ನಿಜವಾದ ಪಾತಾಳ ಶುರು.

ಒಂದು ಕಾಲದಲ್ಲಿ ಇಂಥ ಪತ್ರಿಕೆಗಳು ಹಡಗಿನಲ್ಲಿ ಬರುತ್ತಿದ್ದವು. ಸರ್ಫೇಸ್ ಮೇಲ್ ಎಂದು ಹೆಸರು. ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಯುಗಾದಿ ಸಂಚಿಕೆ ದಸರಾಕ್ಕೆ ಕೈಸೇರುತ್ತಿತ್ತು, ಆದರೆ ಅಗ್ಗವಾಗಿತ್ತು. 2007ರ ಮೇ ತಿಂಗಳಲ್ಲಿ ಅಮೆರಿಕದ ಅಂಚೆ ಇಲಾಖೆ ಪರದೇಶಗಳಿಗೆ ಹಡಗಿನ ಅಂಚೆಯನ್ನೇ ನಿಲ್ಲಿಸಿತು. ಇನ್ನು ಮೇಲೆ ಏನಿದ್ದರೂ ವಿಮಾನ, ವಿಮಾನದ ದರ. ಅದೇ ಸೆಪ್ಟೆಂಬರಿನಲ್ಲಿ ‘ಡ್ರ್ಯಾಗನ್’ 359ನೇ ಸಂಚಿಕೆಯೊಂದಿಗೆ ಅಚ್ಚಿನಿಂದ ನಿಂತುಹೋಯಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಗಾಡಿಯೂ ಇಲ್ಲ, ಸರಕೂ ಇಲ್ಲ ಎಂಬ ಸ್ಥಿತಿಗೆ ಬಂದ ಮೇಲೆ ಸಂಬಂಧ ಕಟ್ಟಿಕೊಂಡು ಹುಡುಗನಿಗೆ ಆಗಬೇಕಾದ್ದೇನಿಲ್ಲ. ಈಗ ಸಿಗುವುದು ಹಳೆಯ ಪ್ರತಿಗಳು, ಅಲ್ಲಿನ ಹಳೇ ಪುಸ್ತಕದವರ ಬಳಿ, ಪತ್ರಿಕೆಗೊಂದು ಬೆಲೆ, ಸಾಗಣೆಗೆ ಅದರ ಎರಡರಷ್ಟು.

ಇಂಗ್ಲೆಂಡಿನವರಿಗೂ ಈ ಆಟ ಒಂದು ಕಾಲಕ್ಕೆ ಆಮದಿನ ಸರಕೇ ಆಗಿತ್ತು. ಇಯಾನ್ ಲಿವಿಂಗ್‌ಸ್ಟನ್, ಸ್ಟೀವ್ ಜಾಕ್ಸನ್ ಎಂಬ ಹುಡುಗರು 1975ರಲ್ಲಿ ಗೆಳೆಯನೊಬ್ಬನ ಜೊತೆ ಸೇರಿ ಗೇಮ್ಸ್ ವರ್ಕ್‌ಶಾಪ್ ಎಂಬ ಬೋರ್ಡು ಹಾಕಿಕೊಂಡರು. ಅಮೆರಿಕಕ್ಕೆ ಬರೆದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಆರು ಪ್ರತಿ ತರಿಸಿದರು. ಆರೇ. ಅಷ್ಟಕ್ಕೇ ಕೈಯಲ್ಲಿ ದುಡ್ಡಿದ್ದದ್ದು. ಆ ಆರು ಪ್ರತಿಯ ಗಿರಾಕಿಗಳಿಗೆ ಅಮೆರಿಕದವರು ಇಡೀ ಯೂರೋಪಿನ ಮಾರಾಟದ ಹಕ್ಕು ಕೊಟ್ಟರು. ‘ವೈಟ್ ಡ್ವಾರ್ಫ್’ ಹೊರಟದ್ದು ಆ ಅಂಗಡಿಯಿಂದಲೇ. ಹೆಮ್ಮರಗಾಲದ ಹುಡುಗ ಆರು ಪ್ರತಿ ತರಿಸಿದ್ದರೆ ಅವನಿಗೆ ಕೊಡುತ್ತಿದ್ದದ್ದು ಹಕ್ಕಲ್ಲ, ನೋಟೀಸು: ಒಂದೇ ಸಾಮಾನು ಆರು ಯಾಕೆ, ಇದು ಸ್ವಂತಕ್ಕೋ ವ್ಯಾಪಾರಕ್ಕೋ, ವ್ಯಾಪಾರಕ್ಕಾದರೆ ಆಮದುದಾರನ ಕೋಡ್ ಎಲ್ಲಿ?

ಹಾಗಾದರೆ ನ್ಯೂಜೆರ್ಸಿಯಲ್ಲಿರುವ ಚಿಕ್ಕಮ್ಮನ ಮಗಳು ಉಡುಗೊರೆ ಅಂತ ಕಳಿಸಿಬಿಡಲಿ ಎಂದು ನೀವು ಬುದ್ಧಿ ಹೇಳಬಹುದು. ಆ ಬುದ್ಧಿ ಸರ್ಕಾರಕ್ಕೆ ನಿಮಗಿಂತ ಮೊದಲೇ ಹೊಳೆದಿದೆ. 5,000 ರೂಪಾಯಿಯೊಳಗಿನ ಉಡುಗೊರೆಗೆ ಸುಂಕವಿಲ್ಲ ಎಂಬ ಅನುಕೂಲವೊಂದಿತ್ತು. 2019ರ ಡಿಸೆಂಬರಿನಲ್ಲಿ ಅದಕ್ಕೆ ಬೀಗ ಬಿತ್ತು. ಚೀನಾದ ಆನ್‌ಲೈನ್ ಅಂಗಡಿಗಳು ಚಪ್ಪಲಿ, ಬನಿಯನ್ನುಗಳನ್ನೆಲ್ಲ ಉಡುಗೊರೆ ಎಂದು ಬರೆದು ದೇಶದೊಳಕ್ಕೆ ತೂರಿಸುತ್ತಿದ್ದವು. ಅವರನ್ನು ಹಿಡಿಯಲು ಹಾಕಿದ ಬಲೆಯಲ್ಲಿ ಅತ್ತೆ, ಚಿಕ್ಕಮ್ಮ, ಸೋದರಮಾವಂದಿರೆಲ್ಲ ಸಿಕ್ಕಿಬಿದ್ದರು. ಈಗ ಅಂಚೆಯಲ್ಲೋ ಕೊರಿಯರಿನಲ್ಲೋ ಬಂದ ವಸ್ತುವನ್ನು ಉಡುಗೊರೆ ಎಂದು ಬಿಡಿಸಿಕೊಳ್ಳುವುದೇ ನಿಷಿದ್ಧ. ಸುಂಕ ತೆತ್ತು ತರಿಸಿಕೋ, ಪ್ರೀತಿಯ ಮಾತು ಬೇಡ.

ಎರಡು ವಿನಾಯಿತಿ ಇಟ್ಟಿದ್ದಾರೆ. ಒಂದು, ಪ್ರಾಣ ಉಳಿಸುವ ಔಷಧಿ. ಇನ್ನೊಂದು, ರಾಖಿ. ಓದಿದ್ದು ಸರಿಯಾಗಿದೆ, ರಾಖಿ. ಅದೂ ರಾಖಿ ಮಾತ್ರ. ರಾಖಿಯ ಜೊತೆ ಇಟ್ಟು ಕಳಿಸುವ ಉಡುಗೊರೆಗೆ ಈ ವಿನಾಯಿತಿ ಸಲ್ಲದು ಎಂದು ಆದೇಶದಲ್ಲೇ ಬರೆದಿದ್ದಾರೆ. ಎಷ್ಟು ಜನ ಅಧಿಕಾರಿಗಳು ಮೇಜಿನ ಸುತ್ತ ಕೂತು, ಎಷ್ಟು ಲೋಟ ಚಹಾ ಕುಡಿದು ಈ ವಾಕ್ಯ ರಚಿಸಿದರೋ. ನಮ್ಮ ಹುಡುಗನ ತಲೆ ಕೂಡಲೇ ಓಡುತ್ತದೆ. ಹಿಂದೆ ಸ್ಪಂಜಿನ ರಾಖಿಗಳು ಬರುತ್ತಿದ್ದವಲ್ಲ, ಊಟದ ತಟ್ಟೆಯಗಲ, ಕಟ್ಟಿಕೊಂಡವನ ಕೈ ಬಸ್ಸಿನ ಕಿಟಕಿಯಿಂದ ಹೊರಗೆ ಹೋಗದಷ್ಟು? ಅದರೊಳಗೆ ಒಂದು ಸಂಚಿಕೆ ಮಡಿಸಿಟ್ಟು ಹೊಲಿದರೆ ಹೇಗೆ? ಉಪಾಯ ಚೆನ್ನಾಗಿದೆ. ಒಂದೇ ತಕರಾರು, ವರ್ಷಕ್ಕೆ ಹನ್ನೆರಡು ರಕ್ಷಾಬಂಧನ ಬೇಕಾಗುತ್ತದೆ.

ಪತ್ರಿಕೆ ಬೇಡ, ಆಟದ ನಿಯಮ ಪುಸ್ತಕವನ್ನೇ ತರಿಸೋಣ ಎಂದರೆ 2019ರ ಜುಲೈ ಬಜೆಟ್ಟಿನಲ್ಲಿ ಹೊರದೇಶದ ಅಚ್ಚಾದ ಪುಸ್ತಕಗಳಿಗೆ ಶೇ. 5 ಸುಂಕ ಹಾಕಿದರು. ದೇಶದ ಪ್ರಕಾಶನ, ಮುದ್ರಣ ಉದ್ಯಮಕ್ಕೆ ಉತ್ತೇಜನ ಕೊಡಲು ಎಂದು ಕಾರಣ ಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ದೇಶೀ ಡ್ರ್ಯಾಗನ್ ಉದ್ಯಮ ಎಷ್ಟು ಬೆಳೆದಿದೆ ಎಂಬುದನ್ನು ನಂಜನಗೂಡು ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ಹೋಗಿ ನೋಡಿ ಬನ್ನಿ. ಅಲ್ಲಿ ರಾಶಿಭವಿಷ್ಯವಿದೆ, ಎಸ್‌ಡಿಎ ಪರೀಕ್ಷೆಯ ಗೈಡುಗಳಿವೆ. ಅವೂ ಒಂದು ಬಗೆಯ ದಾಳದಾಟವೇ.

ದಾಳದ ಸುದ್ದಿ ಬಂತಲ್ಲ. ಪತ್ರಿಕೆಯ ಜೊತೆ ಮಾರಿದವನು ಪಾಪ ಎಂದು ನಾಲ್ಕು ದಾಳ ಬಿಟ್ಟಿಯಾಗಿ ಹಾಕಿಬಿಟ್ಟ ಎಂದುಕೊಳ್ಳಿ. ಲಕೋಟೆಯ ಮೇಲೆ ಸಿಎನ್ 22 ಎಂಬ ಚೀಟಿ ಅಂಟಿಸಿ ಒಳಗೇನಿದೆ ಎಂದು ಬರೆಯಬೇಕು. ಅವನು ಪ್ರಾಮಾಣಿಕ, ಬರೆದಿದ್ದಾನೆ. ಹುಡುಗನಿಗೆ ಫೋನು ಬರುತ್ತದೆ.

“ಪಾರ್ಸಲ್ ಒಳಗೆ ಏನಿದೇರಿ?”

“ಮ್ಯಾಗಜೀನ್ ಸಾರ್.”

“ಅಲ್ಲಾಡಿಸಿದ್ರೆ ಟಕಟಕ ಅಂತದಲ್ಲ?”

“ದಾಳ ಸಾರ್.”

“ಜೂಜಾ?”

“ಕತೆ ಸಾರ್.”

“ಕತೆಗ್ಯಾಕ್ರೀ ದಾಳ?”

“ಮಹಾಭಾರತದಲ್ಲಿ ಇತ್ತಲ್ವಾ ಸಾರ್?”

“ಅದು ಇಂಪೋರ್ಟ್ ಆಗಿದ್ದಲ್ಲ.”

ಉತ್ತರ ಸರಿಯಾಗಿಯೇ ಇದೆ. ಆಮದಾಗಿ ಬಂದ ದಾಳ ಏನೆಂಬುದು ಸಣ್ಣ ಪ್ರಶ್ನೆಯಲ್ಲ. ಆಟಿಕೆ ಎಂದರೆ ಕತೆ ಮುಗಿಯಿತು. ಆಟಿಕೆಗಳ ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದೆ. ಅದರ ಮೇಲೆ 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಜೂಜಿನ ಸಾಮಾನು ಎಂದರೆ ಪೊಲೀಸಿನವರ ವಿಷಯ. ಓದುವ ಸಾಮಗ್ರಿಯ ಅಂಗ ಎಂದರೆ ದಾಳವನ್ನು ಓದಿ ತೋರಿಸು ಎನ್ನುತ್ತಾರೆ. ಇಪ್ಪತ್ತು ಮುಖದ ವಸ್ತುವೊಂದು ಇಲಾಖೆಯ ಮೇಜಿನ ಮೇಲೆ ಬಿದ್ದರೆ ಇಪ್ಪತ್ತು ಮುಖಕ್ಕೂ ಒಂದೊಂದು ಕಡತ ಏಳುತ್ತದೆ.

ಇದೇ ಮೈಸೂರು, ಮಂಡ್ಯ ಸೀಮೆಯಲ್ಲಿ ಯುಗಾದಿ ಬಂತೆಂದರೆ ಮರದ ಬುಡದಲ್ಲಿ, ತೋಟದ ಮನೆಯಲ್ಲಿ ಇಸ್ಪೀಟು ಹಾಸುತ್ತಾರೆ. ಅಂದರ್ ಬಾಹರ್ ನಡೆಯುತ್ತದೆ. ಹಬ್ಬದ ಸಂಪ್ರದಾಯ, ಆಡದಿದ್ದರೆ ವರ್ಷವೆಲ್ಲ ಕೈಗೆ ದುಡ್ಡು ಹತ್ತುವುದಿಲ್ಲ ಎಂಬ ಶಾಸ್ತ್ರವೂ ಇದೆ. ಬೆಲ್ಲಕ್ಕಿಂತ ಬೇವು ಜಾಸ್ತಿಯಾದವರು ಮಾರನೆಯ ದಿನ ಎಮ್ಮೆ ಮಾರುತ್ತಾರೆ. ಅದು ಸಂಸ್ಕೃತಿ. ಹುಡುಗನ ದಾಳಕ್ಕೆ ಒಂದು ಬಿಡಿಗಾಸಿನ ಪಣವೂ ಇಲ್ಲ, ಗೆದ್ದರೆ ಸಿಗುವುದು ಇಲ್ಲದ ಗುಹೆಯೊಳಗಿನ ಇಲ್ಲದ ಚಿನ್ನ. ಅದು ಅನುಮಾನಾಸ್ಪದ. ಇದೇ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಆಟಗಳನ್ನು ಜೂಜೆಂದು ಒಟ್ಟಿಗೆ ಕಟ್ಟಿಹಾಕಲು ಹೋಗಿ, 2022ರ ಫೆಬ್ರವರಿಯಲ್ಲಿ ಹೈಕೋರ್ಟಿನಿಂದ ಅದನ್ನು ತಳ್ಳಿಸಿಕೊಂಡು ಬಂದದ್ದು ನೆನಪಿದ್ದವರಿಗೆ ನೆನಪಿರಬಹುದು. ಆಟ ಯಾವುದು ಜೂಜು ಯಾವುದು ಎಂದು ಬೆಂಗಳೂರಿಗೇ ಗೊತ್ತಿಲ್ಲದಿರುವಾಗ ಹೆಮ್ಮರಗಾಲದ ಪಾರ್ಸಲಿಗೆ ಯಾರು ತೀರ್ಪು ಕೊಡುತ್ತಾರೆ?

ಪಿಡಿಎಫ್ ತಗೋ ಎನ್ನುವ ಜಾಣರಿದ್ದಾರೆ. ಅದರ ಕತೆಯನ್ನೂ ಕೇಳಿ. ತಂತಿಯಲ್ಲಿ ಬರುವ ಸರಕಿಗೆ ಕಸ್ಟಮ್ಸ್ ಸುಂಕ ಹಾಕುವುದು ಬೇಡ ಎಂದು ವಿಶ್ವ ವ್ಯಾಪಾರ ಸಂಸ್ಥೆಯ ದೇಶಗಳು 1998ರಲ್ಲಿ ಮಾತಾಡಿಕೊಂಡವು. ಮತ್ತೆ ಮತ್ತೆ ಮುಂದುವರಿಸುತ್ತ ಬಂದ ಆ ಒಪ್ಪಂದಕ್ಕೆ ಸಮ್ಮೇಳನದಿಂದ ಸಮ್ಮೇಳನಕ್ಕೆ ಅಡ್ಡ ಮಾತಾಡಿದ ದೇಶಗಳಲ್ಲಿ ನಮ್ಮದೂ ಒಂದು. ಜಿಎಸ್‌ಟಿಯ ಚಮತ್ಕಾರ ಇನ್ನೂ ಸೊಗಸು: ಅಚ್ಚಾದ ಪುಸ್ತಕಕ್ಕೆ ತೆರಿಗೆ ಸೊನ್ನೆ, ಅಚ್ಚಿನ ರೂಪವೂ ಇರುವ ಇ-ಪುಸ್ತಕಕ್ಕೆ ಶೇ. 5, ಅಚ್ಚೇ ಆಗದ ಇ-ಪುಸ್ತಕಕ್ಕೆ ಶೇ. 18. ದೇಹ ಕಡಿಮೆಯಾದಷ್ಟೂ ತೆರಿಗೆ ಜಾಸ್ತಿ. ಆತ್ಮ ಅಮೂಲ್ಯ ಎಂಬ ನಮ್ಮ ದರ್ಶನವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಇಲಾಖೆ ಇನ್ನೊಂದಿಲ್ಲ.

ಇಷ್ಟಾದ ಮೇಲೆ ಒಂದು ರಹಸ್ಯ ಹೇಳಬೇಕು. ಪರದೇಶದ ಓದು ನಂಜನಗೂಡು ತಾಲ್ಲೂಕಿಗೆ ಬರುವುದೇ ಇಲ್ಲ ಎಂದುಕೊಳ್ಳಬೇಡಿ. ಚಿಕ್ಕಯ್ಯನಛತ್ರದಲ್ಲಿ ಕಾಗದದ ಕಾರ್ಖಾನೆ ಇದೆ, ಸೌತ್ ಇಂಡಿಯಾ ಪೇಪರ್ ಮಿಲ್ಸ್, 1959ರ ಕಂಪನಿ. ಹಳೆಯ ಕಾಗದವನ್ನು ಅರೆದು ಹೊಸದು ಮಾಡುವ ಪುಣ್ಯದ ಕೆಲಸ, ಮರ ಉಳಿಯುತ್ತದೆ, ನೂರಾರು ಮನೆಗೆ ಅನ್ನ. ಕಾರ್ಖಾನೆಯ ಬಗ್ಗೆ ನನ್ನ ತಕರಾರು ಎಳ್ಳಷ್ಟೂ ಇಲ್ಲ. ದೇಶದ ಇಂಥ ಗಿರಣಿಗಳಿಗೆ ಇಲ್ಲಿನ ರದ್ದಿ ಸಾಲದು, ಯಾಕೆಂದರೆ ನಾವು ಪತ್ರಿಕೆ ಕೊಳ್ಳುವುದೇ ಕಡಿಮೆ, ಕೊಂಡದ್ದನ್ನು ಮೆಣಸಿನಕಾಯಿ ಬಜ್ಜಿಯ ಎಣ್ಣೆ ಹೀರಿಸಲು ಬಳಸಿಬಿಡುತ್ತೇವೆ. ಹಾಗಾಗಿ ಅಮೆರಿಕದಿಂದ, ಯೂರೋಪಿನಿಂದ ಲಕ್ಷಾಂತರ ಟನ್ ರದ್ದಿ ಕಂಟೇನರುಗಳಲ್ಲಿ ಭಾರತದ ಬಂದರುಗಳಿಗೆ ಬರುತ್ತದೆ. ರಟ್ಟಿನ ಪೆಟ್ಟಿಗೆಯೇ ಹೆಚ್ಚು, ನಡುವೆ ಪತ್ರಿಕೆಗಳೂ ಉಂಟು. ಹಡಗಿನಲ್ಲೇ ಬರುತ್ತದೆ! ಓದುಗನಿಗೆ ನಿಂತುಹೋದ ಹಡಗು ರದ್ದಿಗೆ ನಿಂತಿಲ್ಲ.

ಈ ವ್ಯಾಪಾರದಲ್ಲಿ ‘ಓವರ್ ಇಷ್ಯೂ’ ಎಂಬ ಒಂದು ದರ್ಜೆ ಇದೆ. ಅಚ್ಚಾಗಿ, ಮಾರಾಟವಾಗದೆ, ಯಾರೂ ಬಿಡಿಸಿಯೂ ನೋಡದೆ ಕಟ್ಟುಕಟ್ಟಾಗಿ ಉಳಿದ ಪತ್ರಿಕೆಗಳು. ಕೊಳೆಯಿಲ್ಲ, ಸುಕ್ಕಿಲ್ಲ. ಹಾಗಾಗಿ ಓದಿ ಬಿಸಾಕಿದ ಪತ್ರಿಕೆಗಿಂತ ಯಾರೂ ಓದದ ಪತ್ರಿಕೆಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ಪತ್ರಿಕೋದ್ಯಮದಲ್ಲಿ ಜೀವಮಾನ ಕಳೆದವರು ಈ ವಾಕ್ಯವನ್ನು ಎರಡನೇ ಸಲ ಓದದಿರುವುದು ಒಳ್ಳೆಯದು.

ಸುಂಕ? 2021ರಲ್ಲಿ ರದ್ದಿ ಕಾಗದಕ್ಕೂ ಶೇ. 2.5ರಷ್ಟು ಬಿತ್ತು, ಗಿರಣಿಗಳವರ ಸಂಘ ಅದನ್ನೂ ತೆಗೆಯಿರಿ ಎಂದು ಕೂಗಿತು. ಲೆಕ್ಕ ಹೀಗಾಯಿತು: ಅದೇ ಅಮೆರಿಕದ ಪುಸ್ತಕ ಓದುವುದಕ್ಕೆ ಬಂದರೆ ನೂರಕ್ಕೆ ಐದು, ಅರೆಯುವುದಕ್ಕೆ ಬಂದರೆ ನೂರಕ್ಕೆ ಎರಡೂವರೆ. ಅರೆಯುವವರಿಗೆ ಸಂಘವಿದೆ, ಅಧ್ಯಕ್ಷರಿದ್ದಾರೆ, ದೆಹಲಿಗೆ ನಿಯೋಗ ಹೋಗುತ್ತದೆ. ಓದುವವನ ಪರವಾಗಿ ಯಾವ ನಿಯೋಗ ಹೋದದ್ದುಂಟು? ಹಾಗಾಗಿ ಹುಡುಗನಿಗೆ ನನ್ನ ಸಲಹೆ ಇಷ್ಟೇ. ಲೇಕ್ ಜಿನೀವಾದವರಿಗೆ ಕಾಗದ ಬರೆ: ಸ್ವಾಮಿ, ನಿಮ್ಮ ಹಳೆಯ ಡ್ರ್ಯಾಗನ್‌ಗಳನ್ನು ನನ್ನ ಹೆಸರಿಗೆ ಕಳಿಸಬೇಡಿ, ಒಂದು ಟನ್ ಮಾಡಿ ತಂತಿ ಬಿಗಿದು ಗಿರಣಿಯ ಹೆಸರಿಗೆ ಕಳಿಸಿ. ಯಾವ ಮುಖಪುಟದಲ್ಲಿ ಏನಿದೆ ಎಂದು ಒಬ್ಬನೂ ಕೇಳುವುದಿಲ್ಲ. ಗೇಟಿನ ಹತ್ತಿರ ನಾನು ನಿಂತಿರುತ್ತೇನೆ.

ಇಲ್ಲಿಗೆ ‘ಎಲ್ಲ ನಮ್ಮಲ್ಲೇ ಇತ್ತು’ ಎನ್ನುವ ಹಿರಿಯರ ಪ್ರವೇಶ. ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. “ಅಲ್ಲಯ್ಯಾ, ಬಿಳಿಯರ ಡ್ರ್ಯಾಗನ್ ಯಾಕೆ? ಆಟ ಅಂದ್ರೆ ಮೈಸೂರು, ಮೈಸೂರು ಅಂದ್ರೆ ಆಟ.” ಮಾತು ಸುಳ್ಳಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರನ್ನು 1831ರಲ್ಲಿ ಇಂಗ್ಲಿಷರು ಆಡಳಿತದಿಂದ ಇಳಿಸಿ ಕೂರಿಸಿದರು. ರಾಜ್ಯ ಕಂಪನಿಗೆ ಹೋಯಿತು, ಬಿಡುವು ದೊರೆಗೆ ಉಳಿಯಿತು. 1868ರಲ್ಲಿ ತೀರಿಕೊಳ್ಳುವವರೆಗೆ ಆ ಬಿಡುವನ್ನು ಅವರು ಬಳಸಿದ ರೀತಿ ಅಧಿಕಾರದಲ್ಲಿರುವ ಎಷ್ಟೋ ಜನರ ಕೆಲಸಕ್ಕಿಂತ ಮೇಲು. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಲೆಕ್ಕವನ್ನು ಬಿಡಿಸಿದರು. ಗಂಜೀಫಾ ಜಾತಿಯ ಛದ ಎಂಬ ಎಲೆಯಾಟಗಳನ್ನು ತಾವೇ ಕಟ್ಟಿದರು, ಒಂದರಲ್ಲಂತೂ 360 ಎಲೆ. ತಮ್ಮ ಶ್ರೀತತ್ತ್ವನಿಧಿ ಎಂಬ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು. ಗೈಗ್ಯಾಕ್ಸ್ ಅಲ್ಲಿ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ನಮ್ಮಲ್ಲೊಬ್ಬರು ಕೂತು ನಿಯಮ ಬರೆಯುತ್ತಿದ್ದರು, ಅದೂ ಕಿರೀಟ ಹಾಕಿಕೊಂಡು.

ಕತೆಯ ಸರಕಿಗಾದರೂ ಬರವೇ? ತಿ. ನರಸೀಪುರ ತಾಲ್ಲೂಕಿನಲ್ಲಿ ಇಡೀ ಪಟ್ಟಣ ಮರಳಿನಡಿ ಹೂತುಹೋದ ತಲಕಾಡಿದೆ. ಒಡವೆಯೊಂದಿಗೆ ಕಾವೇರಿಗೆ ಹಾರಿದ ಅಲಮೇಲಮ್ಮನ ಶಾಪವಿದೆ, ಅರಸರ ಮನೆಗೆ ಮಕ್ಕಳಾಗದಿರಲಿ ಎಂದು. ಅದಕ್ಕೆ ಎದುರಾಗಿ ಹೆಮ್ಮರಗಾಲದಲ್ಲಿ ಮಕ್ಕಳನ್ನು ಕೊಡುವ ದೇವರಿದ್ದಾನೆ. ಶಾಪ ಒಂದು ಕಡೆ, ಪರಿಹಾರ ಒಂದು ಕಡೆ, ನಡುವೆ ಹೊಳೆ. ವಿಸ್ಕಾನ್ಸಿನ್‌ನವರು ಇದನ್ನು ಕಂಡಿದ್ದರೆ ಹತ್ತು ಸಂಚಿಕೆ ತುಂಬಿಸಿ, ಹನ್ನೊಂದನೆಯದಕ್ಕೆ ಮುಡುಕುತೊರೆ ಬೆಟ್ಟ ಹತ್ತುತ್ತಿದ್ದರು.

ಆದರೆ ಹಿರಿಯರು ಒಂದನ್ನು ಹೇಳುವುದಿಲ್ಲ. ಪಚ್ಚೀಸಿ ಇಲ್ಲಿಂದ ಹೊರಟು 1896ರಲ್ಲಿ ಇಂಗ್ಲೆಂಡಿನಲ್ಲಿ ಲೂಡೊ ಎಂದು ಪೇಟೆಂಟ್ ಪಡೆದು ಡಬ್ಬಿಯಲ್ಲಿ ವಾಪಸು ಬಂತು. ಪರಮಪದಸೋಪಾನದಿಂದ ಪಾಪ, ಪುಣ್ಯ, ಮೋಕ್ಷ ಮೂರನ್ನೂ ಕಿತ್ತು ಹಾವು ಏಣಿಯನ್ನು ಮಾತ್ರ ಮರಳಿಸಿದರು. ಹಿರಿಯರ ಮೊಮ್ಮಗ ಆಡುತ್ತಿರುವುದು ಅದೇ ಲೂಡೊ, ಫೋನಿನಲ್ಲಿ. ಮನೆಯ ಜಗುಲಿಯ ಮೇಲೆ ಅಜ್ಜಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಚೌಕಾಬಾರದ ಮನೆ ಟೈಲ್ಸ್ ಹಾಕಿಸಿದಾಗ ಹೋಯಿತು. ಕೌತುಕನಿಧಿಯ ಹೆಸರನ್ನು ಹೇಳುವ ಹಿರಿಯರು ಅದನ್ನು ಓದಿದವರಲ್ಲ; ಓದಬೇಕೆಂದರೂ ಯಾವ ಹಳ್ಳಿಯ ಅರಿವು ಕೇಂದ್ರದ (ಪಂಚಾಯಿತಿ ಗ್ರಂಥಾಲಯದ) ಬೀರುವಿನಲ್ಲಿ ಅದರ ಪ್ರತಿ ಕಂಡಿದ್ದೀರಿ? ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದಂಥವರು ಕ್ರೀಡಾ ಕೌಶಲ್ಯ ಎಂದು ಪ್ರದರ್ಶನ ನಡೆಸಿ, ಹಳೆಯ ಮಣೆಗಳನ್ನು ಹುಡುಕಿ ಹೊಸದಾಗಿ ಮಾಡಿಸಿ ಇಟ್ಟಿರದಿದ್ದರೆ ಚೌಕಾಬಾರವನ್ನೂ ನಾವು ಹೊರಗಿನಿಂದಲೇ ತರಿಸಬೇಕಾಗುತ್ತಿತ್ತು. ಆಗ ಅದಕ್ಕೂ ಸುಂಕ.

ಹುಡುಗ ಈಗ ಪರದೇಶದ ಆಸೆ ಬಿಟ್ಟು ಒಳ್ಳೆಯ ಕನ್ನಡ ಪುಸ್ತಕವನ್ನೇ ಅಂಚೆಯಲ್ಲಿ ತರಿಸುತ್ತಾನೆ ಎಂದುಕೊಳ್ಳಿ. 2024ರ ಡಿಸೆಂಬರ್ 18ರವರೆಗೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಎಂಬ ಸೇವೆ ಇತ್ತು. ಐದು ಕಿಲೋ ಪುಸ್ತಕ ದೇಶದ ಯಾವ ಮೂಲೆಗಾದರೂ ಸುಮಾರು 80 ರೂಪಾಯಿಗೆ ಹೋಗುತ್ತಿತ್ತು. ಹಳ್ಳಿಯ ಓದುಗ, ಸಣ್ಣ ಪ್ರಕಾಶಕ ಇಬ್ಬರೂ ಅದರ ಮೇಲೆ ಬದುಕಿದ್ದರು. ಅಂದು ಅದನ್ನು ಕಂಪ್ಯೂಟರಿನಿಂದ ತೆಗೆದುಹಾಕಿದರು, ಮುನ್ಸೂಚನೆ ಕೂಡ ಇರಲಿಲ್ಲ. ಕೌಂಟರಿಗೆ ಪುಸ್ತಕದ ಕಟ್ಟು ತಂದಿಟ್ಟವರಿಗೆ ಸುದ್ದಿ ಗೊತ್ತಾಯಿತು. ಮರುವರ್ಷ ರಿಜಿಸ್ಟರ್ಡ್ ಪೋಸ್ಟ್ ಅನ್ನೇ ಸ್ಪೀಡ್ ಪೋಸ್ಟಿನೊಳಗೆ ಕರಗಿಸಿದರು. ಇತ್ತ 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಮಾತ್ರ ನಮ್ಮಿಂದ ತಪ್ಪದೆ ಹೋಗುತ್ತಿದೆ, ಅದಕ್ಕೆ ಸ್ಪೀಡ್ ಪೋಸ್ಟೂ ಬೇಕಾಗಿಲ್ಲ. ಬೆಂಗಳೂರಿನ ಗಾಂಧಿನಗರದಲ್ಲಿ ಅಚ್ಚಾದ ಪುಸ್ತಕ ಹೆಮ್ಮರಗಾಲಕ್ಕೆ ಬರುವಷ್ಟರಲ್ಲಿ ಸಾಗಣೆಯೇ ಅದರ ಬೆಲೆಯ ಭುಜ ಮುಟ್ಟುತ್ತದೆ. ಹೀಗೆ ಕನ್ನಡ ಪುಸ್ತಕವೂ ಹಳ್ಳಿಯ ಮಟ್ಟಿಗೆ ಆಮದಿನ ಸರಕಾಗಿದೆ.

ಆದ್ದರಿಂದ ಅಮೆರಿಕ, ಇಂಗ್ಲೆಂಡ್, ಸಿಂಗಪುರಗಳಲ್ಲಿರುವ ನಂಜನಗೂಡು, ನರಸೀಪುರದ ಮಕ್ಕಳಲ್ಲಿ ಒಂದು ಅರಿಕೆ. ಹೋಗುವಾಗ ಅಮ್ಮ ಹಾಕಿಕೊಟ್ಟ ಚಟ್ನಿಪುಡಿ, ಹಪ್ಪಳ, ನಂಜನಗೂಡು ಹಲ್ಲುಪುಡಿಯಿಂದ ತುಂಬಿದ ಸೂಟ್‌ಕೇಸು ಬರುವಾಗ ಚಾಕೊಲೇಟು, ಬಾದಾಮಿ, ಬಾಡಿ ಲೋಷನ್ ಹೊತ್ತು ಬರುತ್ತದೆ. ಆ ಬಾದಾಮಿ ಈಗ ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಲೋಷನ್ ಹಚ್ಚಿಕೊಳ್ಳದೆಯೂ ನಿಮ್ಮ ಅತ್ತೆಯ ಕೈ ಇಷ್ಟು ವರ್ಷ ಚೆನ್ನಾಗಿಯೇ ಇದೆ. ಆ ಜಾಗದಲ್ಲಿ ನಾಲ್ಕು ಪತ್ರಿಕೆ ಹಾಕಿಕೊಳ್ಳಿ. ಆಟದ್ದೋ, ನಕ್ಷತ್ರದ್ದೋ, ತೋಟಗಾರಿಕೆಯದೋ, ನೀವು ಅಲ್ಲಿ ಓದಿ ಮುಗಿಸಿದ್ದು ಯಾವುದಾದರೂ ಆದೀತು. ಮೈಮೇಲೆ ಹೊತ್ತು ತರುವ ಸಾಮಾನಿಗೆ ಒಂದು ಮಿತಿಯವರೆಗೆ ಸುಂಕವಿಲ್ಲ ಎಂದು ಬ್ಯಾಗೇಜ್ ನಿಯಮಗಳೇ ಹೇಳುತ್ತವೆ. ಊರಿಗೆ ಬಂದ ಮೇಲೆ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಟ್ಟು ಹೋಗಿ. ಕೊಡುವಾಗ ಉಡುಗೊರೆ ಎಂಬ ಮಾತು ಮಾತ್ರ ಬಾಯಿಂದ ಬಾರದಿರಲಿ.